ಡಾಲ್ಫಿನ್ ನೋಡೋಕೆ ಹೋಗೋಣ್ವಾ?

ಆ ಬೆಳಿಗ್ಗೆ ಅಣ್ಣ ಅದೇ ಪ್ರಶ್ನೆಯನ್ನು ಐದನೇ ಸಲ ಕೇಳಿದಾಗ ತಂಗಿ ಹಲ್ಲುಜ್ಜುತ್ತಿದ್ದಳು.

"ಪುಟ್ಟೀ, ಇಲ್ಲಿ ನೋಡೇ! ಈ ನದೀಲಿ ಡಾಲ್ಫಿನ್ ಇದೆಯಂತೆ. ದೋಣೀಲಿ ಕರ್ಕೊಂಡು ಹೋಗಿ ತೋರಿಸ್ತಾರಂತೆ. ಹೋಗೋಣ್ವಾ?"

ಅವನ ಕೈಯಲ್ಲಿ ಹಡಗಿನವರು ಕ್ಯಾಬಿನ್ನಿನ ಮೇಜಿನ ಮೇಲೆ ಇಟ್ಟುಹೋಗಿದ್ದ ಬಣ್ಣದ ಕಾಗದವಿತ್ತು. ಐದು ಸಲವೂ ಅದನ್ನು ಆಗತಾನೇ ಕಂಡವನ ಹಾಗೆ ಓದಿದ್ದ. ಖುಷಿಯಲ್ಲಿ ಚೂರೂ ಕಮ್ಮಿಯಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಚಿಟ್ಟು ಹಿಡಿದು ಕಾಗದವನ್ನು ಹರಿದು ನದಿಗೆ ಎಸೆಯುತ್ತಿದ್ದರು. ತಂಗಿಗೂ ಆ ಯೋಚನೆ ಬಂದಿತ್ತು, ಇಲ್ಲವೆಂದು ಏಕೆ ಹೇಳಬೇಕು.

"ನೋಡೋಣ ಅಣ್ಣ," ಅಂದಳು, ಬಾಯಿತುಂಬ ನೊರೆ ಇಟ್ಟುಕೊಂಡು.

ಈ ಪುಟ್ಟಿಗೆ ಅರವತ್ತೊಂದು ವರ್ಷ. ಮಂಡಿನೋವು. ಅರ್ಧ ಊರಿಗೆ ಬಟ್ಟೆ ಹೊಲಿದುಕೊಟ್ಟ ಟೈಲರ್. ಅಣ್ಣನಿಗೆ ಎಪ್ಪತ್ತಮೂರು, ನಲವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ನೆಲಮಹಡಿಯಲ್ಲಿ ನಿಂತು, ಒಂಬತ್ತನೇ ಮಹಡಿಯ ಬಾಗಿಲಿನ ರೋಲರ್ ಸವೆದಿದೆ ಎಂದು ಬರೀ ಕಿವಿಯಿಂದ ಹೇಳುತ್ತಿದ್ದ. ಹತ್ತಿ ನೋಡಿದರೆ ಸವೆದೇ ಇರುತ್ತಿತ್ತು. ಮದುವೆಯಾಗಲಿಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ, "ಬಾರೇ ಇಲ್ಲಿಗೆ, ಎರಡು ರೂಮು ಇಟ್ಕೊಂಡು ನಾನೊಬ್ಬ ಏನು ಮಾಡ್ಲಿ" ಎಂದು ಕರೆಸಿಕೊಂಡಿದ್ದ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಸೂರಿನಡಿ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದರು.

ಆಮೇಲೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಬೀಗದ ಕೈ. ಬರಬರುತ್ತಾ, "ನಿನ್ನ ಗಂಡ ಊಟಕ್ಕೆ ಬರಲ್ವಾ?" ಎಂಬ ಪ್ರಶ್ನೆ. ಅದನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಳು. ಆದರೆ ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ, ಅವರ ಆರನೇ ಮಹಡಿಯ ಲಿಫ್ಟಿನ ಬಾಗಿಲನ್ನು ತನ್ನ ಹಳೇ ಮೂರು ಮೂಲೆಯ ಕೀಲಿಯಿಂದ ತೆರೆದುಕೊಂಡು ಅಣ್ಣ ನಿಂತಿದ್ದ. ಲಿಫ್ಟು ಕೆಳಗೆಲ್ಲೋ ಇತ್ತು. ಮುಂದೆ ಬರೀ ಕತ್ತಲ ಗುಂಡಿ. "ಡ್ಯೂಟಿಗೆ ಹೊತ್ತಾಯ್ತು" ಎಂದು ಒಂದು ಕಾಲು ಎತ್ತಿಯೂ ಆಗಿತ್ತು. ತಂಗಿ ಕಾಲರ್ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ಅವಳೇ ಹೊಲಿದ ಕಾಲರ್, ಪುಣ್ಯಕ್ಕೆ ಹರಿಯಲಿಲ್ಲ.

ಅವತ್ತೇ ಅವಳು ಕೈಚೆಲ್ಲಿದ್ದು. ನದಿ ಸಮುದ್ರ ಸೇರುವ ಊರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಇತ್ತು. ಒಂದೇ ಅಂತಸ್ತು, ಲಿಫ್ಟೇ ಇಲ್ಲ. ಅದಕ್ಕೇ ಅದನ್ನು ಆರಿಸಿದಳು. ಬಸ್ಸು ಹತ್ತಿಸಿಕೊಂಡು ಹೋಗಿ ಗಂಟು ಇಳಿಸಿದ ಹಾಗೆ ಇಳಿಸಿಬರಲು ಮನಸ್ಸು ಒಪ್ಪಲಿಲ್ಲ. ಐದು ದಿನ ಹಡಗಿನಲ್ಲಿ ರಾಜನ ಹಾಗೆ ಕರೆದುಕೊಂಡು ಹೋಗೋಣ ಅಂದುಕೊಂಡಳು. ಅಣ್ಣನಿಗೆ "ನದಿ ನೋಡೋಕೆ ಹೋಗ್ತಿದ್ದೀವಿ" ಎಂದಷ್ಟೇ ಹೇಳಿದ್ದಳು. ಅರ್ಧ ಮಾತು ಹೇಳಿ ಇನ್ನರ್ಧ ನುಂಗಿಕೊಂಡರೆ ಅದು ಸುಳ್ಳೇ. ಅವಳಿಗೂ ಗೊತ್ತಿತ್ತು.

ನಾಳೆ ಬೆಳಿಗ್ಗೆ ಹಡಗು ಆ ಊರು ಮುಟ್ಟುತ್ತದೆ. ದಡಕ್ಕೇ ಆರೈಕೆ ಮನೆಯ ಕಾರು ಬರುತ್ತದೆ. ಉಳಿದಿರುವುದು ಇವತ್ತೊಂದು ದಿನ, ಅದರಲ್ಲೂ ಒಂದು ಮಧ್ಯಾಹ್ನ.

ಆ ಮಧ್ಯಾಹ್ನಕ್ಕೆ ಅವಳು ಬೇರೆ ಕೆಲಸ ಇಟ್ಟುಕೊಂಡಿದ್ದಳು. ತರುವ ಪ್ರತಿ ಬಟ್ಟೆಯ ಮೇಲೂ ಹೆಸರಿನ ಪಟ್ಟಿ ಹೊಲಿದಿರಬೇಕು ಎಂದು ಆರೈಕೆ ಮನೆಯವರು ಬರೆದಿದ್ದರು. ಹದಿನೆಂಟು ಬಟ್ಟೆ. ಅವಳ ಕೈಗೆ ಎರಡು ಗಂಟೆಯ ಕೆಲಸ. ಮೂರು ತಿಂಗಳಿಂದ ಒಂದಕ್ಕೂ ಸೂಜಿ ತಾಗಿಸಿರಲಿಲ್ಲ. ಸಂಜೆಯಾದರೆ ಅಣ್ಣ ಕಂಗಾಲಾಗಿ ಅವಳ ಸೆರಗು ಬಿಡುತ್ತಿರಲಿಲ್ಲ, ಆಗ ಹೊಲಿಯುವುದು ಆಗದ ಮಾತು. ಊಟವಾದ ಮೇಲೆ ಅವನು ಮಲಗಿದಾಗಲೇ ಮುಗಿಸಬೇಕು. ಡಾಲ್ಫಿನ್ ದೋಣಿಯೋ, ಮೂರಕ್ಕೆ ಹೊರಟು ಆರಕ್ಕೆ ವಾಪಸ್ಸು.

ಹೊತ್ತಿನ ಮಾತು ಹಾಗಿರಲಿ. ಅವಳನ್ನು ನಿಜಕ್ಕೂ ತಿನ್ನುತ್ತಿದ್ದ ಪ್ರಶ್ನೆ ಬೇರೆ. ಒಂದು ಗಳಿಗೆಯಲ್ಲಿ ಮರೆತುಬಿಡುವವನಿಗೆ ಡಾಲ್ಫಿನ್ ತೋರಿಸಿ ಏನು ಬಂತು?

ತಿಂಡಿಗೆ ಮುಂಚೆ ಸುತ್ತಾಟಕ್ಕೆ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ವಿಚಾರಿಸಿದಳು. ಅಲ್ಲಿದ್ದ ಹೆಂಗಸು ಒಳ್ಳೆಯವಳು. "ಸುಳ್ಳು ಹೇಳಲ್ಲಮ್ಮ. ಕಂಡ್ರೆ ಕಂಡಿತು, ಇಲ್ಲಾಂದ್ರೆ ಇಲ್ಲ. ಸಣ್ಣ ದೋಣಿ ಬೇರೆ, ಹತ್ತಿ ಇಳಿಯೋದು ಕಷ್ಟ. ನಿಮ್ಮಣ್ಣನವರ ಮಂಡಿ ಹೇಗಿದೆ?"

"ಅವನ ಮಂಡಿ ಗಟ್ಟಿಯಾಗಿದೆ. ಕೆಟ್ಟಿರೋದು ನಂದು."

"ಇವತ್ತಿನದೇ ಕೊನೇ ದೋಣಿ. ಎರಡು ಗಂಟೆ ಒಳಗೆ ಹೇಳ್ಬಿಡಿ."

ತಿಂಡಿಯ ಮೇಜಿನಲ್ಲಿ ಎದುರಿಗೆ ಕೂರುತ್ತಿದ್ದವರು ನಿವೃತ್ತ ಹೆಡ್‌ಮಾಸ್ತರು ಮತ್ತು ಅವರ ಹೆಂಡತಿ. ಹೆಡ್‌ಮಾಸ್ತರು ಲೋಕದಲ್ಲಿ ಕಂಡದ್ದಕ್ಕೆಲ್ಲ ಅಂಕ ಕೊಡುವವರು. ಹಡಗಿನ ಕಾಫಿಗೆ ಹತ್ತಕ್ಕೆ ನಾಲ್ಕು, ಸೂರ್ಯಾಸ್ತಕ್ಕೆ ಆರೂವರೆ. ಅವರಿಬ್ಬರೂ ಹಿಂದಿನ ದಿನದ ದೋಣಿಯಲ್ಲಿ ಹೋಗಿಬಂದಿದ್ದರು.

"ಡಾಲ್ಫಿನ್ನಾ? ಹತ್ತಕ್ಕೆ ಮೂರು," ಅಂದರು ಹೆಡ್‌ಮಾಸ್ತರು. "ಮೂರು ಗಂಟೆ ಬಿಸಿಲಲ್ಲಿ ಕೂತಿದ್ದಕ್ಕೆ ಒಂದು ಬೂದುಬಣ್ಣದ ಬೆನ್ನು ಕಾಣಿಸ್ತು. ಕಣ್ಣು ಮಿಟುಕಿಸೋದ್ರಲ್ಲಿ ಮಾಯ. ಫೋನಲ್ಲಿ ನಲವತ್ತು ಫೋಟೋ ತೆಗೆದೆ, ನಲವತ್ತರಲ್ಲೂ ನೀರು."

"ನಾನಂತೂ ಏಳು ಕೊಡ್ತೀನಪ್ಪ," ಅಂದರು ಅವರ ಹೆಂಡತಿ. "ದೋಣೀಲಿ ಯಾರೂ ಮಾತಾಡ್ಬಾರ್ದು ಅಂದಿದ್ರು. ನಮ್ಮೆಜಮಾನ್ರು ಮೂರು ಗಂಟೆ ಬಾಯಿಗೆ ಬೀಗ ಹಾಕ್ಕೊಂಡಿದ್ದು ಮದುವೆಯಾದಾಗಿಂದ ಅದೇ ಮೊದಲು."

ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ನಿಂತ ಮೇಲೆ ತಂಗಿಯ ಕಡೆ ತಿರುಗಿ, "ಯಾವ ಡಾಲ್ಫಿನ್ನೇ? ಇಲ್ಲಿ ಡಾಲ್ಫಿನ್ ಇದ್ಯಾ? ಹೋಗೋಣ್ವಾ?" ಅಂದ. ಹೆಡ್‌ಮಾಸ್ತರು ತಟ್ಟೆ ನೋಡುತ್ತಾ ಕೂತರು.

ಹೋಗುವುದು ಬೇಡ ಎಂದು ತಂಗಿ ಆಗಲೇ ತೀರ್ಮಾನ ಮಾಡಿದ್ದು.

ಊಟವಾಯಿತು. ಅಣ್ಣ ಮಲಗಿದ. ತಂಗಿ ಕಿಟಕಿಯ ಬೆಳಕಿಗೆ ಕೂತು ಅವನ ನೀಲಿ ಅಂಗಿ ತೆಗೆದು, ಕಾಲರಿನ ಒಳಗೆ ಹೆಸರಿನ ಪಟ್ಟಿ ಇಟ್ಟು ಹೊಲಿಯತೊಡಗಿದಳು. ಮೂರನೇ ಮೂಲೆಗೆ ಬರುವಷ್ಟರಲ್ಲಿ ಹಿಂದಿನಿಂದ ಅವನ ದನಿ ಬಂತು.

"ಏನೇ ಇದು, ನನ್ನ ಅಂಗಿಗೆ ನನ್ನ ಹೆಸರು? ನಾನೇನು ಒಂದನೇ ಕ್ಲಾಸಿಗೆ ಸೇರ್ತಿದ್ದೀನಾ?"

ಅವಳು ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. "ಲಾಂಡ್ರಿಗೆ ಅಣ್ಣ. ಹಡಗಲ್ಲಿ ಬಟ್ಟೆ ಅದಲುಬದಲಾಗುತ್ತಂತೆ."

ಅಣ್ಣ ಪಕ್ಕದಲ್ಲಿ ಬಂದು ಕೂತ. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. "ನೀಟಾಗಿ ಹೊಲಿತೀಯ. ನಿನ್ನ ಹಾಸ್ಟೆಲ್ ಬಟ್ಟೆಗೆ ನಾನು ಹೊಲಿದಿದ್ದೆನಲ್ಲ, ಬೆರಳೆಲ್ಲ ತೂತು. ಒಂದು ಫ್ರಾಕಿಗೆ ಹೆಸರು ತಲೆಕೆಳಗಾಗಿತ್ತು, ನೀನು ರಂಪ ಮಾಡಿದ್ದೆ."

ಅಮ್ಮ ಹೋದಾಗ ಅವನಿಗೆ ಹತ್ತೊಂಬತ್ತು, ಅವಳಿಗೆ ಏಳು. ಅಪ್ಪ ಮೊದಲೇ ಇರಲಿಲ್ಲ. ಅವನು ಕಾಲೇಜು ಬಿಟ್ಟು ಲಿಫ್ಟ್ ಕಂಪನಿ ಸೇರಿದ, ಅವಳನ್ನು ಹಾಸ್ಟೆಲಿಗೆ ಸೇರಿಸಿದ. ಬೆಳಿಗ್ಗೆ ತಿಂದದ್ದು ನೆನಪಿಲ್ಲದವನಿಗೆ ಅದೆಲ್ಲ ನಿನ್ನೆ ಮೊನ್ನೆಯ ಹಾಗೆ ಇತ್ತು.

"ನಿನ್ನ ಬಿಡೋ ದಿನ ಮೃಗಾಲಯಕ್ಕೆ ಕರ್ಕೊಂಡು ಹೋಗಿದ್ದೆ. ಆನೆ ಸ್ನಾನ ಮಾಡ್ತಿತ್ತು, ನಮ್ಮ ಮೇಲೆಲ್ಲ ನೀರು ಹಾರಿಸ್ತು. ನೀನು ನಕ್ಕಿದ್ದೂ ನಕ್ಕಿದ್ದೇ. ಅಮ್ಮ ಹೋದ್ಮೇಲೆ ಅದೇ ಮೊದಲು ನೀನು ನಕ್ಕಿದ್ದು. ನೆನಪಿದ್ಯಾ?"

ಇರಲಿಲ್ಲ. ಆನೆ ಇಲ್ಲ, ನೀರು ಇಲ್ಲ, ನಗು ಇಲ್ಲ. ಆ ದಿನದಲ್ಲಿ ಅವಳಿಗೆ ಉಳಿದಿದ್ದು ಹಾಸ್ಟೆಲಿನ ಕಬ್ಬಿಣದ ಗೇಟು ಮತ್ತು ತಿರುಗಿ ನೋಡದೆ ಹೋದ ಅಣ್ಣನ ಬೆನ್ನು ಮಾತ್ರ. ಐವತ್ತನಾಲ್ಕು ವರ್ಷ ಆ ಬೆನ್ನಿನ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದಳು.

"ನೆನಪಿದೆ," ಅಂದಳು.

"ನೀನು ನಕ್ಕಿದ್ದನ್ನೇ ನೆನೆಸ್ಕೊಂಡು ಆ ವರ್ಷ ಪೂರ್ತಿ ತಳ್ಳಿದೆ ಕಣೇ," ಅಂದ ಅಣ್ಣ.

ತಂಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಅವಳು ಪೂರ್ತಿ ಮರೆತುಬಿಟ್ಟಿದ್ದ ಒಂದು ಮಧ್ಯಾಹ್ನವನ್ನು ಇವನು ಇಷ್ಟು ವರ್ಷ ಇಬ್ಬರ ಪರವಾಗಿ ಇಟ್ಟುಕೊಂಡಿದ್ದ. ಇವತ್ತು ಅವನು ಮರೆಯಲಿ, ನಾನು ಇಟ್ಟುಕೊಳ್ಳುತ್ತೇನೆ ಎಂದು ಅವಳಿಗೆ ಅನಿಸಿತು. ಹೆಸರಿಲ್ಲದ ಅಂಗಿ ಕಳೆದರೆ ಇನ್ನೊಂದು ಹೊಲಿದರಾಯಿತು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು.

"ಏಳು ಅಣ್ಣ. ಡಾಲ್ಫಿನ್ ನೋಡೋಕೆ ಹೋಗೋಣ."

"ಡಾಲ್ಫಿನ್ನಾ!" ಅಣ್ಣ ಕಣ್ಣರಳಿಸಿದ. "ಈ ನದೀಲಿ ಡಾಲ್ಫಿನ್ ಇದ್ಯಾ?"

ದೋಣಿಯಲ್ಲಿ ಎಂಟು ಜನ. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು. ಅಣ್ಣ ಒಬ್ಬೊಬ್ಬರದನ್ನೂ ಎಳೆದು ನೋಡಿ, "ಈ ಕ್ಲಿಪ್ಪು ಸರಿಯಾಗಿ ಕೂತಿಲ್ಲ ಸಾರ್" ಎಂದು ಕೂರಿಸಿಕೊಟ್ಟ. ದೋಣಿಯವನು ತನಗೊಬ್ಬ ಮೇಲಧಿಕಾರಿ ಬಂದನೆಂದು ತಮಾಷೆ ಮಾಡಿದ. ನದಿ ಅಗಲವಾದ ಕಡೆ ಮೋಟಾರು ನಿಲ್ಲಿಸಿದ. ಇನ್ನು ಮಾತಿಲ್ಲ ಎಂದು ಬಾಯಿಯ ಮೇಲೆ ಬೆರಳಿಟ್ಟ.

ಕಾದರು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಗಂಟೆ. ಬಿಸಿಲಿಗೆ ತಂಗಿಯ ತಲೆ ಸಿಡಿಯುತ್ತಿತ್ತು. ಮೂರು ಅಂಕವೂ ಹೆಚ್ಚಾಯಿತು ಅಂದುಕೊಂಡಳು. ಅಷ್ಟರಲ್ಲಿ ಅಣ್ಣ ಅವಳ ಮಣಿಕಟ್ಟು ಹಿಡಿದ.

"ಎಡಗಡೆ," ಎಂದು ಪಿಸುಗುಟ್ಟಿದ. "ಕೇಳು. ಉಸಿರು ಬಿಡ್ತು."

ಯಾರಿಗೂ ಏನೂ ಕೇಳಿಸಿರಲಿಲ್ಲ. ತಂಗಿ ಅವನ ಮುಖ ನೋಡಿದಳು. ತಲೆ ಸ್ವಲ್ಪ ವಾಲಿಸಿ, ಕಣ್ಣು ಅರೆಮುಚ್ಚಿ, ಯಾವುದೋ ಮಹಡಿಯ ರೋಲರಿನ ಸದ್ದು ಹಿಡಿಯುತ್ತಿದ್ದ ಆ ಹಳೆಯ ಮುಖ. ಎರಡು ವರ್ಷದಿಂದ ಅದನ್ನು ಅವಳು ಕಂಡಿರಲಿಲ್ಲ. ಅದರಲ್ಲಿ ಏನೂ ಕಳೆದುಹೋಗಿರಲಿಲ್ಲ, ಇಡೀ ಅಣ್ಣ ಅಲ್ಲಿದ್ದ. ಆಮೇಲೆ ಆ ಮುಖ ನಿಧಾನವಾಗಿ ಬಾಯಿ ತೆರೆದು ನಕ್ಕಿತು. ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ "ಆಹಾ" ಎಂದರು. ತಂಗಿ ತಟ್ಟನೆ ತಿರುಗಿದಾಗ ನೀರಿನ ಮೇಲೆ ಬಳೆಯಂತೆ ಅಲೆಯೊಂದು ಅಗಲವಾಗುತ್ತಿತ್ತು, ಅಷ್ಟೇ.

"ನೋಡಿದ್ಯಾ ಪುಟ್ಟಿ? ನೋಡಿದ್ಯಾ?"

"ನೋಡಿದೆ ಅಣ್ಣ."

"ಮೂತಿ ಎಷ್ಟುದ್ದ ಅಲ್ವಾ! ಕಣ್ಣು ಸಾಸಿವೆಕಾಳಿನಷ್ಟು. ಪಕ್ಕದಲ್ಲೇ ಮರಿ ಇತ್ತು ಕಣೇ, ತಾಯಿ ಬೆನ್ನಿಗೆ ಅಂಟ್ಕೊಂಡಿತ್ತು."

ಮತ್ತೆ ಅದು ಮೇಲೆ ಬರಲಿಲ್ಲ. ವಾಪಸ್ಸು ಹೊರಟಾಗ ತಂಗಿ ಅವನ ಬಾಯಿಂದಲೇ ಮತ್ತೊಮ್ಮೆ ಹೇಳಿಸಿಕೊಂಡಳು. ಮೂತಿ, ಕಣ್ಣು, ಮರಿ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಕೇಳಿದಳು. ಈ ಸಲ ಮರಿ ಇರಲಿಲ್ಲ. ಹಡಗು ಕಣ್ಣಿಗೆ ಬೀಳುವ ತಿರುವಿನಲ್ಲಿ, "ಅದು ಹೇಗಿತ್ತು ಹೇಳು ಅಣ್ಣ" ಎಂದು ತೋಳು ಹಿಡಿದು ಅಲ್ಲಾಡಿಸಿದಳು. ಅವನು ಪಾಪ, ಅವಳಿಗೆ ಬೇಸರವಾಗಬಾರದೆಂದು ತುಂಬ ಹೊತ್ತು ಯೋಚಿಸಿದ.

"ಯಾವುದು?" ಅಂದ.

ಇಡೀ ದೋಣಿಯಲ್ಲಿ ಅದನ್ನು ನೋಡದೆ ಹೋದವಳು ಅವಳೊಬ್ಬಳೇ. ಅವಳಿಗಾಗಿ ನೋಡಿದ್ದವನ ಹತ್ತಿರವೂ ಈಗ ಅದು ಇರಲಿಲ್ಲ. ಅವಳ ಪಾಲಿಗೆ ಉಳಿದಿದ್ದು ಅವನು ನಕ್ಕ ಮುಖ. ಅದು ಸಾಕೇ? ಸಾಕು ಅನ್ನಲು ಅವಳಿಂದಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹಡಗು ಮುಟ್ಟುವವರೆಗೂ ಅತ್ತಳು. ಅಣ್ಣ ಅವಳ ಬೆನ್ನು ಸವರುತ್ತಾ, "ಬಿಸಿಲು ಜಾಸ್ತಿ ಅಲ್ವಾ" ಅಂದ.

ಹಡಗಿನ ಮೆಟ್ಟಿಲ ಬಳಿ ಹೆಡ್‌ಮಾಸ್ತರು ಕಾಯುತ್ತಾ ನಿಂತಿದ್ದರು. "ಹೇಗಿತ್ತು ಡಾಲ್ಫಿನ್ನು? ಹತ್ತಕ್ಕೆ ಎಷ್ಟು?"

"ನಾವಿನ್ನೂ ಹೋಗಿಲ್ಲ ಸಾರ್," ಅಂದ ಅಣ್ಣ. ದೋಣಿಗೆ ಎರಚಿದ ನದಿಯ ನೀರು ಅವನ ಅಂಗಿಯ ತೋಳಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. "ನಾಳೆ ಹೋಗ್ತೀವಿ. ಪುಟ್ಟಿ ಕರ್ಕೊಂಡು ಹೋಗ್ತಾಳೆ. ನಾಳೆ ತಾನೇ ಪುಟ್ಟಿ?"

ಹೆಡ್‌ಮಾಸ್ತರು ತಂಗಿಯ ಕೆಂಪಗಾದ ಕಣ್ಣು ನೋಡಿದರು. ಸರಿದು ದಾರಿ ಬಿಟ್ಟರು.

"ಹೂಂ ಅಣ್ಣ, ನಾಳೆ ಹೋಗೋಣ," ಅಂದಳು ತಂಗಿ.

"ಬೆಳಿಗ್ಗೆ ಬೇಗ ಎಬ್ಬಿಸು ಮತ್ತೆ," ಅಂದ ಅಣ್ಣ, ಮೆಟ್ಟಿಲು ಹತ್ತಲು ಅವಳಿಗೆ ಕೈ ಕೊಡುತ್ತಾ. "ನನಗೆ ಈಗೀಗ ಏನೂ ನೆನಪಿರಲ್ಲ. ಮಲ್ಕೊಂಡಿದ್ದಾನೆ ಅಂತ ನನ್ನ ಬಿಟ್ಟು ನೀನೊಬ್ಳೇ ಹೋಗ್ಬಿಡಬೇಡ."

"ಇಲ್ಲ ಅಣ್ಣ," ಎಂದು ತಂಗಿ ಅವನ ಕೈ ಹಿಡಿದು ಹತ್ತಿದಳು.