ಅಡಿಗಲ್ಲು ತಿರುಗುವ ಯಂತ್ರ

ಕುರುಗೋಡಿನ ನಮ್ಮ ಮನೆಯಲ್ಲಿ ಎರ್ರಮ್ಮಜ್ಜಿ ಬೀಸಲು ಕೂರುವಾಗ ಮೊದಲು ಅಡಿಗಲ್ಲನ್ನು ಅಲುಗದಂತೆ ಊರುತ್ತಿದ್ದಳು. ಆಮೇಲೆ ಮೇಲ್ಗಲ್ಲು, ಆಮೇಲೆ ಕಥೆ. ಅವಳ ಕಥೆಯಲ್ಲಿ ಅಡಿಗಲ್ಲು ವ್ರತ ಹಿಡಿದು ಕೂತ ಅಕ್ಕ, ಮೇಲ್ಗಲ್ಲು ಊರೂರು ಸುತ್ತುವ ತಂಗಿ. ಅಕ್ಕ ಎದ್ದರೆ ತಂಗಿಗೆ ದಾರಿ ತಪ್ಪುತ್ತದೆ. ಜೋಳದ ಹಿಟ್ಟು ಕಲ್ಲಿನ ಸುತ್ತ ಉದುರುತ್ತಿದ್ದರೆ ನಾನು ಅಜ್ಜಿಯ ಬೆನ್ನಿಗೊರಗಿ, ತಂಗಿ ಈಗ ರಾರಾವಿ ಹತ್ತಿರ ಹೊಳೆ ದಾಟುತ್ತಿರಬೇಕು ಅಂದುಕೊಳ್ಳುತ್ತಿದ್ದೆ.

ಅಜ್ಜಿ ಈಗಿಲ್ಲ. ನಾನು ಬಳ್ಳಾರಿಯಲ್ಲಿ, ಅಕ್ಕಿ ಗಿರಣಿಗಳಿಗೆ ಯಂತ್ರ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಡ್ರಾಯಿಂಗ್ ಕೆಲಸಕ್ಕೆ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಿರುಗುಪ್ಪದ ಗಿರಣಿ ಮಾಲೀಕ ವಿರೂಪಾಕ್ಷಪ್ಪನವರು ಭತ್ತ ಸುಲಿಯುವ ಕಲ್ಲಿನ ಯಂತ್ರ ನೋಡಲು ಬರುವವರಿದ್ದರು. ಅವರ ಮುಂದೆ ಅದು ಪರದೆಯಲ್ಲಿ ಸರಿಯಾಗಿ ಓಡಿದರೆ ಖಾಯಂ ಮಾಡುತ್ತೇನೆ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಎಂದು ನಮ್ಮ ಮಾಲೀಕ ಸಿದ್ದಲಿಂಗೇಶಣ್ಣ ಮೊದಲೇ ಹೇಳಿಬಿಟ್ಟಿದ್ದರು.

ಪರದೆಯಲ್ಲಿ ಯಂತ್ರದ ಭಾಗಗಳನ್ನು ಜೋಡಿಸುವಾಗ ಒಂದನ್ನು ನೆಲಕ್ಕೆ ಬಿಗಿಯಬೇಕು. ಅದು ಮಿಸುಕುವುದಿಲ್ಲ, ಉಳಿದವು ತಮ್ಮ ತಮ್ಮ ಜಾಯಿಂಟುಗಳು ಬಿಟ್ಟಷ್ಟು ಆಡುತ್ತವೆ. ನಾನು ಅಡಿಗಲ್ಲನ್ನು ಬಿಗಿದೆ. ಎರಡು ಕಲ್ಲುಗಳ ನಡುವೆ ತಿರುಗುವ ಜಾಯಿಂಟ್ ಕೊಟ್ಟು, ಮಿಕ್ಕಿದ್ದನ್ನೆಲ್ಲ ಮರೆಮಾಡಿ ಓಡಿಸಿದೆ. ಮೇಲ್ಗಲ್ಲು ನುಣ್ಣಗೆ ತಿರುಗಿತು, ಥೇಟ್ ಮನೆಯ ಕಲ್ಲು. ಆ ಖುಷಿಯಲ್ಲಿ ಪೂರ್ತಿ ಯಂತ್ರವನ್ನು ಓಡಿಸಿ ನೋಡಲೇ ಇಲ್ಲ.

ವಿರೂಪಾಕ್ಷಪ್ಪನವರು ಬಂದು ಕೂತರು. ಓಡಿಸಿದೆ. ಅಡಿಗಲ್ಲೊಂದೇ ನಿಂತಿತ್ತು. ಮೇಲ್ಗಲ್ಲು, ಅದಕ್ಕೆ ಬೋಲ್ಟು ಹಾಕಿದ ಚೌಕಟ್ಟು, ಭತ್ತ ಸುರಿಯುವ ಡಬ್ಬಿ, ಮೋಟಾರು, ನಾಲ್ಕೂ ಕಾಲು, ಎಲ್ಲ ಅದರ ಸುತ್ತ ಗಿರಗಿರ.

“ಏನವ್ವಾ, ನಮ್ಮ ಗಿರಣಿ ಬುಗುರಿ ಆಡಾಕ ಹತ್ತೈತಲ್ಲ,” ಅಂದರು ಅವರು. “ಭತ್ತ ಹಾಕಾವ ಹಿಂದಿಂದ ಓಡಬೇಕೇನು?”

ಸಿದ್ದಲಿಂಗೇಶಣ್ಣ ನಗಲಿಲ್ಲ. ನಾನು ಜೋಡಣೆಯನ್ನು ಒಂದೊಂದಾಗಿ ನೋಡುತ್ತ ಹೋದೆ. ಮೋಟಾರಿನ ಬೆಲ್ಟು ಅಡಿಗಲ್ಲಿಗೇ ಇತ್ತು. ಈ ಯಂತ್ರದಲ್ಲಿ ತಿರುಗಬೇಕಾದದ್ದು ಅದು, ನಿಲ್ಲಬೇಕಾದದ್ದು ಮೇಲಿನದು. ಅಡಿಗಲ್ಲನ್ನು ಬಿಡಿಸಿದೆ. ಈಗ ಯಾವುದಕ್ಕೂ ನೆಲವಿಲ್ಲ; ಮೌಸ್ ತಾಗಿದ್ದೇ ಇಡೀ ಯಂತ್ರ ಪರದೆಯ ಮೂಲೆಗೆ ತೇಲಿತು. ಎಳೆದು ತಂದು ಚೌಕಟ್ಟನ್ನು ಬಿಗಿದೆ. ಅಕ್ಕನನ್ನು ವ್ರತದಿಂದ ಎಬ್ಬಿಸಿದ ಹಾಗಿತ್ತು.

ಓಡಿಸಿದೆ. ಮೇಲ್ಗಲ್ಲು ನಿಂತಿತು. ಅಡಿಗಲ್ಲು ತಿರುಗಿತು.

ಮೊದಲು ಯಾಕೆ ಹಾಗೆ ಮಾಡಿದೆ ಎಂದು ಸಿದ್ದಲಿಂಗೇಶಣ್ಣ ಕೇಳಿದರು.

“ನಮ್ಮಜ್ಜಿ ಬೀಸೋ ಕಲ್ಲು ಹಂಗ ಇತ್ರಿ,” ಅಂದೆ. “ಅದ ತಲ್ಯಾಗ ಕುಂತಿತ್ತು.”

ಬೈಗುಳಕ್ಕೆ ಕಾದೆ. ವಿರೂಪಾಕ್ಷಪ್ಪನವರು ಯಂತ್ರ ಹೀಗೇ ಇರಲಿ, ಮಾಡಿಸಿ ಎಂದು ಒಪ್ಪಿ ಎದ್ದವರು, ಕುರ್ಚಿಯ ಬೆನ್ನು ಹಿಡಿದು ನಿಂತರು.

“ಬರೇ ಕಲ್ಲು ಎರಡನ್ನ ಇಟ್ಟು, ಮೊದಲಿನಂಗ ಒಮ್ಮೆ ತಿರುಗಸವ್ವ. ನಮ್ಮವ್ವ ಬೀಸೂ ಮುಂದ ನಾ ಅಲ್ಲೇ ಮಲಗಿರ್ತಿದ್ದೆ.”

ಸಿದ್ದಲಿಂಗೇಶಣ್ಣನ ಮುಖ ನೋಡಿದೆ. ಅವರು ಹೂಂ ಅಂದರು. ಚೌಕಟ್ಟು, ಮೋಟಾರು ಎಲ್ಲ ಮರೆಮಾಡಿ, ಅಡಿಗಲ್ಲನ್ನು ಮತ್ತೆ ನೆಲಕ್ಕೆ ಬಿಗಿದೆ. ಮೇಲ್ಗಲ್ಲು ಸದ್ದಿಲ್ಲದೆ ಸುತ್ತತೊಡಗಿತು. ಹಿಡಿಯಿಲ್ಲ, ಹಿಟ್ಟಿಲ್ಲ, ಬಳೆಯ ಸದ್ದಿಲ್ಲ. ಆದರೂ ಮೂವರೂ ನೋಡುತ್ತ ನಿಂತೆವು.

“ಸೋಮವಾರದಿಂದ ಭತ್ತ ಮ್ಯಾಲೆತ್ತೋ ಎಲಿವೇಟರಿನ ಡ್ರಾಯಿಂಗೂ ನಿಂದ, ತಂಗಿ,” ಅಂದರು ಸಿದ್ದಲಿಂಗೇಶಣ್ಣ, ಪರದೆಯಿಂದ ಕಣ್ಣು ತೆಗೆಯದೆ. “ಮೊದ್ಲು ಚೌಕಟ್ಟು ಬಿಗಿ.”

ಆಗಲಿ ಅಂದೆ. ಕಲ್ಲು ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.