ಅರ್ಧ ಶುಕ್ರ

“ಎಂಟನೇ ಕ್ಲಾಸನ್ನೂ ಪೂರ್ತಿ ಮಾಡದವನು ಟೆಲಿಸ್ಕೋಪ್ ಆರಿಸೋದು ಹೇಗೆ ಅಂತ ನನಗೆ ಹೇಳಿಕೊಡ್ತಾನೆ. ಕನ್ನಡಕದ ಗಾಜು ಉಜ್ಜೋನಿಗೂ ಗ್ರಹಕ್ಕೂ ಏನೋ ಸಂಬಂಧ? ಹೋಗು, ಯಾರದಾದರೂ ಮೂಗಿನ ಅಳತೆ ತಗೋ.”

ಹೆಡ್‌ಮಾಸ್ಟ್ರು ಇದನ್ನು ಹೇಳಿದ್ದು ವಾಚನಾಲಯದ ದೊಡ್ಡ ಮೇಜಿನ ಹತ್ತಿರ, ಹನ್ನೆರಡು ಜನರ ಎದುರಿಗೆ. ಪೇಪರ್ ಓದುತ್ತಿದ್ದವರೂ ಪೇಪರ್ ಕೆಳಗಿಳಿಸಿದರು. ಕೆಲವರು ನಕ್ಕರು. ಉಳಿದವರು ನಗು ತಡೆದುಕೊಂಡರು, ಅದು ಇನ್ನೂ ಕೆಟ್ಟದ್ದು. ಮಾಸ್ಟ್ರು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಆದರೂ ಕಾಲಿಟ್ಟ ಜಾಗವೆಲ್ಲ ಅವರಿಗೆ ಕ್ಲಾಸ್‌ರೂಮೇ. ಹಿಂದೊಮ್ಮೆ ನನ್ನನ್ನು ಮೂರು ದಿನ ಕ್ಲಾಸಿನ ಬಾಗಿಲ ಹೊರಗೆ ನಿಲ್ಲಿಸಿದವರು ಇವರೇ. ನಾಲ್ಕನೇ ದಿನ ನಾನೇ ಹೋಗಲಿಲ್ಲ.

ವಿಷಯ ಇಷ್ಟು. ಹಳೆಯ ಓದುಗರೊಬ್ಬರು ವಾಚನಾಲಯಕ್ಕೆ ಒಂದು ಟೆಲಿಸ್ಕೋಪ್ ಕೊಡಿಸುತ್ತೇನೆ ಅಂದಿದ್ದರು. ಅಂಗಡಿಯವರು ಎರಡು ಕಳಿಸಿ, ಒಂದು ವಾರ ನೋಡಿ, ಬೇಡದ್ದನ್ನು ವಾಪಸ್ ಮಾಡಿ ಅಂದಿದ್ದರು. ಒಂದು ಉದ್ದ, ತೆಳ್ಳಗೆ, ಬೆಳ್ಳಗೆ. ಡಬ್ಬಿಯ ಮೇಲೆ ‘ಆರುನೂರು ಪಟ್ಟು’ ಅಂತ ದಪ್ಪಕ್ಷರ. ಇನ್ನೊಂದು ಮೋಟು, ದಪ್ಪ, ಕಪ್ಪು, ಬಕೆಟ್ಟನ್ನು ಎಳೆದು ಉದ್ದ ಮಾಡಿದ ಹಾಗೆ. ಅದರ ತಳದಲ್ಲಿ ಒಂದು ಗುಂಡು ಕನ್ನಡಿ. ಅದರ ಡಬ್ಬಿಯ ಮೇಲೆ ಬರೀ ಎಂಬತ್ತು ಪಟ್ಟು. ಮಾಸ್ಟ್ರು ಉದ್ದದ್ದೇ ಇರಲಿ ಅಂದಿದ್ದರು.

ನಾನು ಎರಡರ ಗಾಜನ್ನೂ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದ್ದೆ. ನಮ್ಮ ಕೆಲಸದಲ್ಲಿ ಅದೇ ಮೊದಲ ಪರೀಕ್ಷೆ. ಗಾಜನ್ನು ಓರೆ ಮಾಡಿದರೆ ಟ್ಯೂಬಿನ ಬೆಳಕು ಅದರ ಮೇಲೆ ನುಣುಪಾಗಿ ಜಾರಬೇಕು. ಉದ್ದದ್ದರಲ್ಲಿ ಕಣ್ಣಿಡುವ ಕಡೆಯ ಗಾಜಿನ ಮೇಲೆ ಅದು ಎರೆಹುಳದ ಹಾಗೆ ನುಲಿಯಿತು. “ಇದು ಪ್ಲಾಸ್ಟಿಕ್ಕು ಸರ್. ಆರುನೂರು ಪಟ್ಟು ದೊಡ್ಡದು ಮಾಡಿದ್ರೆ ಮಬ್ಬೂ ಆರುನೂರು ಪಟ್ಟಾಗುತ್ತೆ” ಅಂದೆ. ಅದಕ್ಕೇ ಆ ಮಂಗಳಾರತಿ.

ವಾಚನಾಲಯ ನೋಡಿಕೊಳ್ಳುವವರನ್ನು ನಾವೆಲ್ಲ ಲೈಬ್ರರಿ ಅಕ್ಕ ಅನ್ನುತ್ತೇವೆ. ಅವರು ಕೈಯಲ್ಲಿದ್ದ ರಿಜಿಸ್ಟರ್ ಮುಚ್ಚಿದರು. “ಜಗಳ ಯಾಕೆ ಸರ್? ಶನಿವಾರ ಸಂಜೆ ಎರಡನ್ನೂ ತಾರಸಿಗೆ ಹತ್ತಿಸೋಣ. ಪಶ್ಚಿಮಕ್ಕೆ ಶುಕ್ರ ಚೆನ್ನಾಗಿ ಕಾಣ್ತಿದೆ. ಯಾವುದ್ರಲ್ಲಿ ಸ್ಪಷ್ಟವಾಗಿ ಕಾಣುತ್ತೋ ಅದು ಇಲ್ಲಿರುತ್ತೆ. ಅದನ್ನ ಆರಿಸಿದವರೇ ನೋಡ್ಕೊಳ್ಳಲಿ, ವಾರವಾರ ಜನಕ್ಕೆ ತೋರಿಸಲಿ. ಅಲ್ಲಿವರೆಗೆ ನಿಮ್ಮದು ನೀವು ತಗೊಂಡು ಹೋಗಿ, ಅವನದು ಅವನು.”

ಆ ಕೆಲಸ ನನಗೆ ಬೇಕು ಅನ್ನಿಸಿತು. ಬೇಕು ಅಂದರೆ ಹೇಗೆ, ಬಾಯಾರಿದವನಿಗೆ ನೀರು ಬೇಕಾದ ಹಾಗೆ. ಎಂಟು ವರ್ಷದಿಂದ ಸೋದರಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಣೆ ಚಕ್ರದ ಮುಂದೆ ಕೂತಿದ್ದೇನೆ. ಎಲ್ಲರೂ ನೋಡುವ ಹಾಗೆ ಮಾಡುವವನು ನಾನು, ನನ್ನನ್ನು ನೋಡಿದವರು ಯಾರೂ ಇಲ್ಲ.

ದಪ್ಪದ್ದನ್ನು ಹೊತ್ತು ತಂದಾಗ ಮಾವ ಕೇಳಿದರು, “ಏನೋ ಅದು, ಡ್ರಮ್ಮು? ಯಾರ ಮದುವೆ?”

ನಾನು ನಗಲಿಲ್ಲ. ಮುಚ್ಚಳ ತೆಗೆದು ಇಣುಕಿದೆ. ತಳದ ಕನ್ನಡಿಯ ಮೇಲೆ ಧೂಳು ಕೂತಿತ್ತು. ಇಲ್ಲೇ ನನ್ನ ಕಸುಬು ನನಗೆ ಕೈಕೊಟ್ಟಿದ್ದು. ಧೂಳಿರುವ ಗಾಜು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಸ್ಕ್ರೂ ಬಿಚ್ಚಿ ಕನ್ನಡಿಯನ್ನು ಹೊರತೆಗೆದೆ, ಬಟ್ಟೆ ತಗೊಂಡು ದಿನಕ್ಕೆ ನೂರು ಸಲ ಉಜ್ಜುವ ಹಾಗೆ ಸುತ್ತಿ ಸುತ್ತಿ ಉಜ್ಜಿದೆ. ಮೂರನೇ ಸುತ್ತಿಗೆ ಸದ್ದು ಬೇರೆ ಬಂತು. ಮುಖ ನೋಡುವ ಕನ್ನಡಿಗೆ ಬೆಳ್ಳಿಲೇಪ ಗಾಜಿನ ಹಿಂದಿರುತ್ತದೆ. ಇದಕ್ಕೆ ಲೇಪವೇ ಮೇಲ್ಮುಖ. ಅಂಚಿನ ಹತ್ತಿರ, ಹೆಬ್ಬೆರಳಿನಷ್ಟು ಜಾಗದಲ್ಲಿ, ಬೆಕ್ಕಿನ ಮೀಸೆಯಂಥ ಗೀರುಗಳು.

ಮಾವ ಬಗ್ಗಿ ನೋಡಿದರು. “ಯಾರಿಗೆ ಗೊತ್ತಾಗುತ್ತೋ? ಒಳಗಿಟ್ಟು ಮುಚ್ಚು. ಮೊದಲೇ ಹಾಗಿತ್ತು ಅನ್ನು.”

ಕನ್ನಡಿಯನ್ನು ಒಳಗಿಟ್ಟೆ. ಅದು ನಡುಮಧ್ಯಕ್ಕೆ ಕೂರಬೇಕು. ಮೂರು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಒಳಗಿನ ವೃತ್ತಗಳು ಒಂದರೊಳಗೊಂದು ಸರಿಯಾಗಿ ಕೂರುವವರೆಗೆ ಎರಡು ಗಂಟೆ ಒದ್ದಾಡಿದೆ. ಅದು ನನಗೆ ಬರುವ ಕೆಲಸ. ಸುಳ್ಳು ಹೇಳುವುದೂ ಬರುತ್ತದೆ, ಆದರೆ ಸುಳ್ಳಿನ ಮೇಲೆ ಗೆದ್ದರೆ ಮಾಸ್ಟ್ರ ಮಾತೇ ನಿಜವಾದ ಹಾಗೆ. ಮರುದಿನ ಅಕ್ಕನಿಗೆ ಹೇಳಿದೆ.

ಅಕ್ಕ ಕೇಳಿದರು, “ನಾಳೆ ಎಲ್ಲರ ಮುಂದೂ ಇದನ್ನ ಹೇಳ್ತೀಯಾ?”

“ಹೇಳ್ತೀನಿ ಅಕ್ಕ.”

“ಹಾಗಾದ್ರೆ ತಗೊಂಡು ಬಾ.”

ಶನಿವಾರ ತಾರಸಿಯಲ್ಲಿ ಇಪ್ಪತ್ತು ಜನ. ಸೂರ್ಯ ಆಗಷ್ಟೇ ಮುಳುಗಿದ್ದ, ಆಕಾಶದಲ್ಲಿ ಬೆಳಕಿತ್ತು. ನೀರಿನ ಟ್ಯಾಂಕಿನ ಮೇಲೆ, ಯಾರೋ ಬೆಂಕಿಕಡ್ಡಿ ಗೀರಿ ಹಿಡಿದ ಹಾಗೆ, ಶುಕ್ರ. ನಾನು ಮೊದಲೇ ಹೇಳಿಬಿಟ್ಟೆ: ಕನ್ನಡಿ ಉಜ್ಜಿದೆ, ಗೀರಾಗಿದೆ, ತಪ್ಪು ನನ್ನದು.

“ನೋಡಿದ್ರಾ?” ಮಾಸ್ಟ್ರು ಎರಡೂ ಕೈ ಚಾಚಿದರು. “ಕೈಗೆ ಕೊಟ್ಟು ಮೂರು ದಿನ ಆಗಿಲ್ಲ.”

ಮೊದಲು ಅವರದು. ಸ್ಟ್ಯಾಂಡಿನ ಮೂರು ಕಾಲೂ ಕಡ್ಡಿ. ಶುಕ್ರ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿತು. ಮುಟ್ಟಿದರೆ ನಡುಗುತ್ತದೆ, ಬಿಟ್ಟರೆ ಓಡುತ್ತದೆ. ಪಕ್ಕದ ಬೀದಿಯ ಟೈಲರಣ್ಣ ಕಣ್ಣಿಟ್ಟರು. “ಸರ್, ಎಣ್ಣೆಯಲ್ಲಿ ಏನೋ ಬೇಯ್ತಾ ಇದೆ. ನೀಲಿ, ಕೆಂಪು. ಗ್ರಹವೋ ಬೋಂಡಾನೋ ಗೊತ್ತಾಗ್ತಿಲ್ಲ.”

“ತಾರಸಿ ಸಮ ಇಲ್ಲ ಕಣಯ್ಯ.”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ” ಅಂದರು ಟೈಲರಣ್ಣ, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ.

ಆಮೇಲೆ ನನ್ನದು. ದಪ್ಪದ್ದು ನಿಲ್ಲಿಸಿದಲ್ಲಿ ನಿಂತಿತು. ಟೈಲರಣ್ಣ ಬಗ್ಗಿದರು, ಹುಬ್ಬು ಗಂಟಿಕ್ಕಿದರು. “ಚೆನ್ನಾಗಿದೆ. ಆದ್ರೆ ಅರ್ಧಾನೇ ಇದೆಯಲ್ಲೋ.”

ಮಾಸ್ಟ್ರು ಅವರನ್ನು ಸರಿಸಿ ನೋಡಿದರು, ಹೊಟ್ಟೆ ಹಿಡಿದು ನಕ್ಕರು. “ಉಜ್ಜಿ ಉಜ್ಜಿ ಶುಕ್ರನನ್ನೇ ಅರ್ಧ ಅಳಿಸಿಬಿಟ್ಟಿದ್ದಾನೆ ಕಣ್ರೀ.”

ತಾರಸಿಯೆಲ್ಲ ನಕ್ಕಿತು. ನಾನೂ ನೋಡಿದೆ. ಹೌದು, ಅರ್ಧವೇ. ಪುಟ್ಟದು, ಬೆಳ್ಳಗೆ, ಚಾಕುವಿನಲ್ಲಿ ಕತ್ತರಿಸಿದ ಹಾಗೆ ಚೊಕ್ಕ. ಶುಕ್ರ ಅರ್ಧ ಕಾಣಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ. ಆದರೆ ಗಾಜು ನನಗೆ ಗೊತ್ತು. ಅಂಗಡಿಯಲ್ಲಿ ಮಿಷನ್ ಕೆಟ್ಟ ದಿನ, ಓದುವ ಕನ್ನಡಕದ ಉಬ್ಬು ಗಾಜನ್ನು ಗೋಡೆಯೆದುರು ಹಿಡಿದು, ಆಚೆಯ ಕಿಟಕಿಯ ಚಿತ್ರ ಗೋಡೆಯ ಮೇಲೆ ಮೂಡಿಸಿ ಪವರ್ ಅಂದಾಜು ಮಾಡುತ್ತೇವೆ. ಗಾಜಿಗೆ ಬೆರಳು ಅಡ್ಡ ಬಂದರೂ ಕಿಟಕಿ ಪೂರ್ತಿಯೇ ಮೂಡುತ್ತದೆ. ಮಂಕಾಗುತ್ತದೆ, ಅಷ್ಟೇ.

“ಸರ್, ಮತ್ತೆ ಕಣ್ಣಿಡಿ, ತೆಗೀಬೇಡಿ” ಅಂದೆ. ಡಬ್ಬಿಯ ರಟ್ಟು ತೆಗೆದು ಕೊಳವೆಯ ಬಾಯಿಗೆ ಅರ್ಧಕ್ಕೆ ಅಡ್ಡ ಹಿಡಿದೆ. “ಈಗ?”

“ಅಷ್ಟೇ ಇದೆ.” ಸ್ವಲ್ಪ ತಡೆದು, “ಬೆಳಕು ಕಡಿಮೆಯಾಯ್ತು.”

ರಟ್ಟನ್ನು ಇನ್ನೊಂದು ಅರ್ಧಕ್ಕೆ ಸರಿಸಿದೆ. “ಈಗ?”

“ಈಗಲೂ ಅಷ್ಟೇ.”

“ಅರ್ಧ ಬಾಯಿ ಮುಚ್ಚಿದರೇ ಅದರ ಆಕಾರ ಬದಲಾಗಲಿಲ್ಲ. ಹೆಬ್ಬೆರಳಗಲದ ಗೀರು ಏನು ಮಾಡುತ್ತೆ ಸರ್? ಅದು ಇರೋದೇ ಅರ್ಧ.”

ಅಕ್ಕ ಸೆರಗಿನಡಿಯಿಂದ ಒಂದು ಪುಸ್ತಕ ತೆಗೆದರು. “ಶುಕ್ರನಿಗೂ ಚಂದ್ರನ ಹಾಗೆ ಬೆಳೆಯೋದು, ಕರಗೋದು ಇದೆಯಂತೆ. ಈಗ ಅರ್ಧ. ಇನ್ನು ನಮ್ಮ ಹತ್ತಿರ ಬರ್ತಾ ಬರ್ತಾ ದೊಡ್ಡದಾಗಿ, ಕುಡುಗೋಲಿನ ಹಾಗೆ ತೆಳ್ಳಗಾಗುತ್ತಂತೆ. ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ನಿದ್ದೆ.” ಆಮೇಲೆ ನನ್ನ ಕಡೆ ತಿರುಗಿದರು. “ಉದ್ದದ್ದು ವಾಪಸ್ ಹೋಗಲಿ. ಇದು ನಿಂದು, ಶನಿವಾರವೂ ನಿಂದು. ಇನ್ನೊಂದು ಸಲ ಬಟ್ಟೆ ಮುಟ್ಟಿಸಿದ್ರೆ ನೋಡು.”

ಕುಡುಗೋಲು. ಅದು ತೆಳ್ಳಗಾಗುವುದನ್ನು ವಾರವಾರವೂ ಮೊದಲು ನೋಡುವವನು ನಾನು. ಜನ ಸಾಲು ನಿಲ್ಲತೊಡಗಿದರು.

ಮಾಸ್ಟ್ರು ಇನ್ನೊಂದು ಸಲ ನೋಡಿದರು, ಮತ್ತೊಂದು ಸಲ. ಎದ್ದವರೇ ನನ್ನ ಹೆಗಲ ಮೇಲೆ ಕೈ ಹಾಕಿದರು. “ಇವನು ನನ್ನ ಶಿಷ್ಯ ಕಣ್ರೀ” ಅಂದರು ಎಲ್ಲರಿಗೂ ಕೇಳುವ ಹಾಗೆ. “ಹೇಳೋ, ನಿಂಗೆ ಬೆಳಕಿನ ಪಾಠ ಮಾಡಿದ್ದು ನಾನೇ ಅಲ್ವಾ?”

ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು, ಒಂದಕ್ಕಿಂತ ಒಂದು ಖಾರ. ಸಾಲಿನ ಕೊನೆಯಲ್ಲಿ, ನಮ್ಮಂಗಡಿಯ ಕನ್ನಡಕ ಹಾಕಿಕೊಂಡಿದ್ದ ಕುಳ್ಳಗಿನ ಅಜ್ಜಿಯೊಬ್ಬರು ತುದಿಗಾಲಲ್ಲಿ ನಿಂತಿದ್ದರು. ಅವರಿಗೆ ಅಷ್ಟೆತ್ತರ ಎಟುಕುವಂತಿರಲಿಲ್ಲ. ನಾನು ಮಾಸ್ಟ್ರ ಕೈಯಡಿಯಿಂದ ಹೆಗಲು ಜಾರಿಸಿಕೊಂಡು, ಕೆಳಗಿನಿಂದ ಸ್ಟೂಲ್ ತರಲು ಮೆಟ್ಟಿಲಿಳಿದೆ.