ಈರುಳ್ಳಿಯ ಸದ್ದು

ನಮ್ಮ ಕಟ್ಟಡದ ಗ್ಯಾಸ್ ಪೈಪನ್ನು ಬಂದ್ ಮಾಡಿ ಕರೆಂಟ್ ಒಲೆ ಹಾಕುವ ದಿನ ನಮ್ಮ ಮಾವ ಬೆಳಿಗ್ಗೆಯೇ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಮದುವೆ ಗಂಡಿನ ಹಾಗೆ ಕೂತಿದ್ದರು. ಎದುರುಮನೆಯವರಿಗೆ ಬೆಂಕಿಯಿಲ್ಲದ ಒಲೆಯ ಮೇಲೆ ನಂಬಿಕೆಯಿಲ್ಲ, ಕೆಳಗಿನವರಿಗೆ ಸ್ನಾನದ ನೀರಿನ ಚಿಂತೆ. ನಮ್ಮ ಮಾವ ಮಾತ್ರ ಕುಣಿಯುವುದೊಂದು ಬಾಕಿ. ನನಗೂ ಅಷ್ಟೇ ಖುಷಿ, ಸುಳ್ಳು ಯಾಕೆ ಹೇಳಲಿ.

ಮಾವ ದೊಡ್ಡ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದವರು. ಒಂದು ಕೆಟ್ಟ ಜ್ವರ ಬಂದು, ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಹೋದ ವರ್ಷ ಒಲೆಯ ಉರಿ ಆರಿ ಮನೆಯೆಲ್ಲ ಗ್ಯಾಸ್ ತುಂಬಿದ್ದರೂ ಇವರು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದರು. ವಾಸನೆ ಗೊತ್ತಾಗಬೇಕಲ್ಲ. ಅವತ್ತೇ ನನ್ನ ಗಂಡ ಅಪ್ಪನನ್ನು ಅಡುಗೆಮನೆಯಿಂದ ಹೊರಗಿಟ್ಟರು. ಸೌಟು ನನ್ನ ಕೈಗೆ ಬಂತು. ನನ್ನ ಅಡುಗೆಯ ಬಗ್ಗೆ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ.

ಫಿಟ್ಟರ್ ಹೊಸ ಕರೆಂಟ್ ಒಲೆ ಕೂರಿಸಿ, ಗೀಸರನ್ನೂ ಬದಲಿಸಿ ಹೋದ. ಗಂಡ ಒಲೆಯ ಪಕ್ಕ ಕೈಕಟ್ಟಿ ನಿಂತರು.

“ಇವತ್ತು ನಮ್ಮೆದುರಿಗೆ ಮಾಡಪ್ಪ, ನೋಡೋಣ. ಸೀದುಹೋದ್ರೆ ಮಾತ್ರ ಇನ್ನು ಅಡುಗೆ ವಿಷ್ಯ ಎತ್ತಬಾರ್ದು.”

ಜೀವಮಾನವಿಡೀ ಸೌಟು ಹಿಡಿದ ಕೈಗೆ ಪರೀಕ್ಷೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾವ ಕಬ್ಬಿಣದ ಬಾಣಲೆಗೆ ಎಣ್ಣೆ ಬಿಟ್ಟು ಗುಂಡಿ ಒತ್ತಿದರು. ಅಭ್ಯಾಸಬಲದಿಂದ ಬಗ್ಗಿ ಉರಿ ನೋಡಿದರು. ಉರಿ ಎಲ್ಲಿಂದ ಬರಬೇಕು. ಈರುಳ್ಳಿ ಸುರಿದದ್ದೇ ತಡ, ಹಬೆಯೆದ್ದು ಕನ್ನಡಕವೂ ಮಂಜಾಯಿತು. ಮೂಗಿಲ್ಲ, ಉರಿಯಿಲ್ಲ, ಈಗ ಕಣ್ಣೂ ಇಲ್ಲ.

“ಅಪ್ಪ, ಅಂಚು ಕೆಂಪಾಯ್ತು,” ಎಂದು ಗಂಡ ಗುಂಡಿಗೆ ಕೈ ಚಾಚಿದರು.

“ಶ್. ಸುಮ್ನಿರೋ.”

ಮಾವ ತಲೆ ಓರೆ ಮಾಡಿ ಬಾಣಲೆಯತ್ತ ಕಿವಿಗೊಟ್ಟಿದ್ದರು. ನಾವೂ ಕಿವಿ ನಿಮಿರಿಸಿದೆವು. ಗ್ಯಾಸಿನ ಬುಸುಗುಟ್ಟುವಿಕೆ ಇಲ್ಲದ ಅಡುಗೆಮನೆಯಲ್ಲಿ ಈರುಳ್ಳಿ ಒಂದೇ ಸಮನೆ ಮಾತಾಡುತ್ತಿತ್ತು.

“ಕೇಳ್ತಾ? ನೀರಿರೋವರೆಗೂ ಚಟಪಟ ಅನ್ನುತ್ತೆ. ಈಗ ಸದ್ದು ಸಣ್ಣಗಾಯ್ತು, ನೀರು ಹೋಯ್ತು. ಈಗ ಇಳಿಸ್ಬೇಕು.” ಅವರು ಕಾವು ಇಳಿಸಿದರು. “ಇಷ್ಟು ವರ್ಷ ಆ ಬೆಂಕಿ ಗಲಾಟೇಲಿ ಇದು ನನಗೆ ಸರಿಯಾಗಿ ಕೇಳ್ಸಿರ್ಲೇ ಇಲ್ಲ ನೋಡು.”

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಆಲೂಗಡ್ಡೆ ಬಿತ್ತು, ಮೆಣಸು ಬಿತ್ತು, ಸೌಟು ತಾಳ ಹಾಕಿತು. ಗಂಡ ಎರಡು ಸಲ ಹಾಕಿಸಿಕೊಂಡರು. ನಾನು ಒಂದು ತುತ್ತು ಬಾಯಿಗಿಟ್ಟೆ. ವರ್ಷವಿಡೀ ನಾನು ಬೇಯಿಸಿ ಹಾಕಿದ್ದನ್ನು ಈ ಮನುಷ್ಯ ತುಟಿಪಿಟಕ್ಕೆನ್ನದೆ ಉಂಡಿದ್ದರು.

“ನಾಳೆ ಏನು ಮಾಡ್ತೀಯಪ್ಪ?” ಗಂಡ ತಟ್ಟೆ ನೋಡುತ್ತಲೇ ಕೇಳಿದರು.

“ಹೇಳ್ತೀನಿ. ಮೊದ್ಲು ಇಬ್ರೂ ಹೊರಗೆ ನಡೀರಿ. ನಿಮ್ಮ ಗಲಾಟೇಲಿ ನನಗೆ ಬಾಣಲೆ ಸದ್ದು ಕೇಳ್ಸಲ್ಲ.”

ನಾವು ತಟ್ಟೆ ಹಿಡಿದುಕೊಂಡು ಹೊರಗೆ ಬಂದೆವು. ಮಾವ ಒಳಗಿನಿಂದ ಬಾಗಿಲು ಹಾಕಿಕೊಂಡರು.